ಹುಚ್ಚು ಹಿಡಿದಾಗ ಬರೆದದ್ದಾ? ಅಲ್ಲ

ಡಚ್ ಚಿತ್ರಕಾರ ವ್ಯಾನ್ ಗೋನ ‘ಲಾ ಮುಸ್ಮೆ’ ಚಿತ್ರ ತೋರಿಸಿದರೆ ಸಾಕು, ಬರುವ ಪ್ರಶ್ನೆ ಒಂದೇ: “ವ್ಯಾನ್ ಗೋ ಇದನ್ನು ಹುಚ್ಚು ಹಿಡಿದಾಗ ಬರೆದದ್ದಾ?” ಅಲ್ಲ. ಬರೆದದ್ದು 1888ರ ಜುಲೈನಲ್ಲಿ, ದಕ್ಷಿಣ ಫ್ರಾನ್ಸಿನ ಆರ್ಲ್‌ನಲ್ಲಿ. ಅವನು ಹುಚ್ಚಿನಲ್ಲಿ ತನ್ನ ಕಿವಿ ಕೊಯ್ದುಕೊಂಡದ್ದು ಆ ಡಿಸೆಂಬರ್‌ನಲ್ಲಿ. ಐದು ತಿಂಗಳ ಹಿಂದಿನ ಕೆಲಸಕ್ಕೂ ಆ ಕಿವಿಯನ್ನೇ ತಂದು ಅಂಟಿಸುವುದು ಯಾವ ನ್ಯಾಯ?

ಕುರ್ಚಿಯಲ್ಲಿ ಕೂತ 12–14 ವರ್ಷದ ಹುಡುಗಿ, ಕೈಯಲ್ಲಿ ಕಣಗಿಲೆ ಹೂವಿನ ರೆಂಬೆ. ಈ ಒಂದು ಚಿತ್ರಕ್ಕೆ ಇಡೀ ವಾರ ಹಿಡಿಯಿತು, ಬೇರೇನೂ ಮಾಡಲಾಗಲಿಲ್ಲ ಎಂದು ತಮ್ಮ ಥಿಯೋಗೆ ಅವನೇ ಬರೆದಿದ್ದಾನೆ. ಅದೇ ಪತ್ರದಲ್ಲಿ ಬಣ್ಣಗಳ ಲೆಕ್ಕವೂ ಇದೆ: ರವಿಕೆಗೆ ರಕ್ತಗೆಂಪು ಮತ್ತು ನೇರಳೆ ಪಟ್ಟೆ, ಗಾಢ ನೀಲಿ ಲಂಗದ ಮೇಲೆ ಹಳದಿ-ಕಿತ್ತಳೆಯ ದಪ್ಪ ಚುಕ್ಕೆ, ಮೈಗೆ ಹೊಳಪಿಲ್ಲದ ಹಳದಿ ಬೂದು, ಹಿಂದೆ ವೆರೊನೀಸ್ ಎಂಬ ಉಜ್ವಲ ಹಸಿರು ಬೆರೆತ ಬಿಳಿ. ಹುಚ್ಚಿನ ಕೆಲಸಕ್ಕೆ ಇಷ್ಟು ಲೆಕ್ಕ ಇರುತ್ತದೆಯೇ?

ಯಾರೂ ಕೇಳದ, ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ: ಹಿನ್ನೆಲೆ ಬರೀ ಬಿಳಿ ಯಾಕಲ್ಲ? ನೀಲಿಗೆ ಕಿತ್ತಳೆ ಎದುರು ಬಣ್ಣ, ಕೆಂಪಿಗೆ ಹಸಿರು; ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಎತ್ತಿ ತೋರಿಸುತ್ತದೆ. ಲಂಗದ ಜೋಡಿ ಲಂಗದಲ್ಲೇ ಇದೆ. ರವಿಕೆಯ ಕೆಂಪಿಗೆ ಜೋಡಿ ಸಿಗುವುದು ಹಿಂದಿನ ಆ ತಿಳಿ ಹಸಿರಿನಲ್ಲಿ. ಅಗ್ಗದ ಪ್ರಿಂಟ್‌ಗಳಲ್ಲಿ ಅದು ಕೆನೆಬಣ್ಣಕ್ಕೆ ತಿರುಗಿರುತ್ತದೆ. ಆಗ ರವಿಕೆಯ ಕೆಂಪೂ ಸಪ್ಪೆ.

ನಕಲು ಮಾಡುವವರು ಎಡವುವುದೂ ಇಲ್ಲೇ. ವ್ಯಾನ್ ಗೋ ಬಳಸಿದ ವೆರೊನೀಸ್ ಹಸಿರಿನಲ್ಲಿ ತಾಮ್ರ, ಆರ್ಸೆನಿಕ್ ಎರಡೂ ಇದ್ದವು. ಆ ವಿಷ ನಮಗೆ ಬೇಡ. ಟೈಟಾನಿಯಂ ಬಿಳಿಗೆ ಥಾಲೊ ಎಂಬ ಕಡು ಹಸಿರು ಸಾಸಿವೆ ಕಾಳಿನಷ್ಟು, ಜೊತೆಗೆ ಸ್ವಲ್ಪ ನಿಂಬೆ ಹಳದಿ. ಥಾಲೊ ಒಂಚೂರು ಹೆಚ್ಚಾದರೂ ಹಿನ್ನೆಲೆಗೆ ಆಸ್ಪತ್ರೆ ಗೋಡೆಯ ಕಳೆ ಬರುತ್ತದೆ. ಬಳಿದು ನುಣುಪು ಮಾಡಬೇಡಿ, ಅಡ್ಡಕ್ಕೂ ಉದ್ದಕ್ಕೂ ಸಣ್ಣ ಗೀಟು ಹಾಕುತ್ತಾ ಹೋಗಿ.

ಲಂಗದ ನೀಲಿ ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಲಿ, ಆಮೇಲೆ ಚುಕ್ಕೆ. ಹಸಿ ನೀಲಿಯ ಮೇಲೆ ಕಿತ್ತಳೆ ಇಟ್ಟರೆ ಎರಡೂ ಕಲೆತು ಕೆಸರಾಗುತ್ತವೆ. ಒಂದು ಚುಕ್ಕೆಗೆ ಒಂದೇ ಸಲ ಬ್ರಷ್ ಊರಿ, ಎತ್ತಿ, ತಿದ್ದಬೇಡಿ. ಮುಖಕ್ಕೆ ಗುಲಾಬಿ ಬಣ್ಣ ಬಳಿಯುವವರೇ ಹೆಚ್ಚು. ಆ ಹಳದಿ ಬೂದು ಅಷ್ಟು ತಣ್ಣಗಿರುವುದರಿಂದಲೇ ಕೈಯ ಕಣಗಿಲೆ ಕಣ್ಣಿಗೆ ಬೀಳುವುದು.

ಮೂಲ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಅವರ ಜಾಲತಾಣದಲ್ಲಿ ದೊಡ್ಡ ಫೈಲ್ ಪುಕ್ಕಟೆ ಸಿಗುತ್ತದೆ. ಬಣ್ಣ ಕಲಸುವ ಮೊದಲು ಅದನ್ನು ಇಳಿಸಿಕೊಳ್ಳಿ.