ದಪ್ಪ ಹಸ್ಕಿಗೆ ಮಲೆನಾಡಿನ ಮಳೆಗಾಲ

ಶಿವಮೊಗ್ಗ, ಜೂನ್ 14, 2025, ಶನಿವಾರ

ಮೃಗಶಿರಾ ಮಳೆ ಹಿಡಿದಿದೆ. ನಾಯಿಗಳ ಶೆಲ್ಟರಿನಿಂದ ಮೈ ಬಂದ ಹಸ್ಕಿಯನ್ನು (ಹಿಮನಾಡಿನ ನಾಯಿ ತಳಿ) ಮನೆಗೆ ತರುವುದಾದರೆ ಏಪ್ರಿಲ್ ಸೆಕೆಗಿಂತ ಈ ಕಾಲವೇ ವಾಸಿ. ಆದರೆ ತಂಪಿದೆಯಲ್ಲ ಎಂದು ಓಡಿಸಿ ಕರಗಿಸಲು ಹೊರಡಬೇಡಿ. ತೇಕುವಾಗ ಬಾಯಿ, ನಾಲಿಗೆಯ ತೇವ ಆರಿದರೇ ನಾಯಿಯ ಮೈ ತಣಿಯುವುದು. ಗಾಳಿಯೇ ಒದ್ದೆಯಾಗಿದ್ದರೆ ಅದು ಸರಿಯಾಗಿ ಆರದು. ಮೇಲೆ ಎರಡು ಪದರದ ತುಪ್ಪಳ, ಅದರಡಿ ಕೊಬ್ಬು. ತೂಕ ಇಳಿಸಬೇಕಾದ್ದು ತಟ್ಟೆಯಲ್ಲಿ.

ಗಂಡು ಹಸ್ಕಿಯ ಸರಿಯಾದ ತೂಕ ಸುಮಾರು 20ರಿಂದ 27 ಕೆಜಿ, ಹೆಣ್ಣಿನದು 16ರಿಂದ 23. ಕಣ್ಣಳತೆ ನಂಬಬೇಡಿ, ತುಪ್ಪಳ ಎಲ್ಲವನ್ನೂ ಮುಚ್ಚುತ್ತದೆ. ಬೆರಳನ್ನು ತುಪ್ಪಳದೊಳಗೆ ಇಳಿಸಿ ಪಕ್ಕೆಲುಬು ಮುಟ್ಟಿ. ಚಾಚಿದ ಅಂಗೈಯ ಹಿಂಬದಿಯ ಮೂಳೆಗಳಂತೆ ಸಿಕ್ಕಿದರೆ ಸರಿ. ಒತ್ತಿ ಹುಡುಕಬೇಕಾದರೆ ಕೊಬ್ಬು ಹೆಚ್ಚು. ತೂಗಲು ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ಯಂತ್ರ ಧಾರಾಳ ಸಾಕು. ಪ್ರತಿ ವಾರ ಅದೇ ಯಂತ್ರ, ಅದೇ ಹೊತ್ತು, ಬೆಳಗಿನ ಖಾಲಿ ಹೊಟ್ಟೆ.

34 ಕೆಜಿಯ ಗಂಡನ್ನು 25ಕ್ಕೆ ಇಳಿಸಬೇಕು ಅನ್ನಿ. ಲೆಕ್ಕ ಹಾಕಬೇಕಾದ್ದು 25ಕ್ಕೆ, 34ಕ್ಕಲ್ಲ. ಕ್ಯಾಲ್ಕುಲೇಟರಿನಲ್ಲಿ 25 × 25 × 25 ಗುಣಿಸಿ (15,625), ವರ್ಗಮೂಲದ ಗುಂಡಿ ಎರಡು ಸಲ ಒತ್ತಿ (11.18), 70ರಿಂದ ಗುಣಿಸಿ: ದಿನಕ್ಕೆ ಸುಮಾರು 783 ಕ್ಯಾಲೊರಿ. ಹತ್ತನೇ ಒಂದು ಪಾಲು ಚಿಲ್ಲರೆ ತಿನಿಸಿಗೆ ಬಿಟ್ಟರೆ ಉಳಿದದ್ದು 704. ಚೀಲದ ಮೇಲೆ 100 ಗ್ರಾಂಗೆ 320 ಎಂದಿದ್ದರೆ ದಿನಕ್ಕೆ 220 ಗ್ರಾಂ, ಎರಡು ಹೊತ್ತಿಗೆ. ಲೋಟದಲ್ಲಿ ಅಳೆದರೆ ತಪ್ಪುತ್ತದೆ, ಗ್ರಾಂ ತಕ್ಕಡಿಯೇ ಬೇಕು. ಮಾಮೂಲಿ ಆಹಾರವನ್ನೇ ಅರ್ಧ ಮಾಡಿದರೆ ಪ್ರೋಟೀನು, ಖನಿಜಗಳೂ ಅರ್ಧವಾಗುತ್ತವೆ. ತೂಕ ಇಳಿಸಲೆಂದೇ ಮಾಡಿದ್ದನ್ನು ತನ್ನಿ. ಶೆಲ್ಟರಿನಲ್ಲಿ ತಿನ್ನುತ್ತಿದ್ದುದರ ಜೊತೆ ಬೆರೆಸುತ್ತಾ ಏಳೆಂಟು ದಿನದಲ್ಲಿ ಬದಲಿಸಿ, ಇಲ್ಲದಿದ್ದರೆ ಭೇದಿ.

ವಾರಕ್ಕೆ ಮೈತೂಕದ ನೂರಕ್ಕೆ 1ರಿಂದ 2ರಷ್ಟು ಇಳಿಯಬೇಕು, ಅಂದರೆ ಶುರುವಿನಲ್ಲಿ 340ರಿಂದ 680 ಗ್ರಾಂ. ಪೂರ್ತಿ ಇಳಿಯಲು ಐದಾರು ತಿಂಗಳು ಬೇಕಾದೀತು. ಎರಡು ವಾರ ಮುಳ್ಳು ಅಲ್ಲೇ ನಿಂತರೆ ಹತ್ತನೇ ಒಂದು ಪಾಲು ಕಡಿಮೆ ಮಾಡಿ. ಅದಕ್ಕೂ ಮೊದಲು ಮನೆಯವರನ್ನು ವಿಚಾರಿಸಿ: ಅಜ್ಜಿ ಕೊಡುವ ಗ್ಲೂಕೋಸ್ ಬಿಸ್ಕತ್ತು ಒಂದಕ್ಕೇ ಇಪ್ಪತ್ತು ಕ್ಯಾಲೊರಿ ದಾಟುತ್ತದೆ! ಕೊಡಲೇಬೇಕೆನಿಸಿದರೆ ಸೌತೆಕಾಯಿ ಹೋಳು, ಉಪ್ಪಿಲ್ಲದೆ ಬೇಯಿಸಿದ ಬೀನ್ಸ್. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ಬೇಡವೇ ಬೇಡ.

ರಾಗಿ ಅಂಬಲಿ, ಗಂಜಿ ಹಾಕಿದರೆ ಇಳಿದೀತು ಎನ್ನುವವರಿದ್ದಾರೆ. ಬೇರೆ ನಾಯಿಗೆ ಹೇಗೋ, ಹಸ್ಕಿಗೆ ನಾನಂತೂ ಒಪ್ಪುವುದಿಲ್ಲ. ಈ ತಳಿಯ ಕೆಲವು ನಾಯಿಗಳ ಕರುಳು ಸತುವನ್ನು ಸರಿಯಾಗಿ ಹೀರುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ, ಕ್ಯಾಲ್ಸಿಯಂ ಎರಡೂ ಅದಕ್ಕೆ ಇನ್ನಷ್ಟು ಅಡ್ಡ. ಕಣ್ಣು, ಬಾಯಿಯ ಸುತ್ತ ಕೂದಲುದುರಿ ಹಕ್ಕಳೆ ಕಟ್ಟಿದರೆ ಹುಳುಕಡ್ಡಿಯೆಂದು ಮುಲಾಮು ಹಚ್ಚುತ್ತಾ ಕೂರಬೇಡಿ, ಸತುವಿನ ಕೊರತೆಯಿರಬಹುದು, ವೈದ್ಯರಿಗೆ ತೋರಿಸಿ. ಮಿತವಾಗಿ ತಿಂದೂ ದಪ್ಪಗಿದ್ದು, ಮಂಕಾಗಿದ್ದರೆ ಥೈರಾಯ್ಡ್ ಪರೀಕ್ಷೆಯೂ ಆಗಲಿ. ಥೈರಾಯ್ಡ್ ಹಾರ್ಮೋನಾದ ಟಿ4 ಒಂದೇ ಸಾಲದು, ಬೇರೆ ಕಾಯಿಲೆಯಲ್ಲೂ ಅದು ಇಳಿಯುತ್ತದೆ. ಜೊತೆಗೆ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನಾದ ಟಿಎಸ್‌ಎಚ್ ನೋಡಿಸಿ.

ನಡಿಗೆ ಬೆಳಕು ಹರಿಯುವಾಗ, ಮೊದಲು ಹತ್ತು ನಿಮಿಷ, ಡಾಂಬರು ಬಿಟ್ಟು ಮಣ್ಣಿನ ಮೇಲೆ. ನಾಲಿಗೆ ಕಡುಗೆಂಪಾಗಿ ಜೊಲ್ಲು ಅಂಟಂಟಾದರೆ ಅಲ್ಲೇ ನಿಲ್ಲಿಸಿ, ಮೈಗೆ ತಣ್ಣೀರು ಹೊಯ್ದು ಗಾಳಿ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಬಂದ ಮೇಲೆ ಬೆರಳ ಸಂದಿಯಲ್ಲಿ ಇಂಬಳ, ಕಿವಿ, ಕಂಕುಳಲ್ಲಿ ಉಣುಗು ಹುಡುಕಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಾದದ್ದು ನಮ್ಮ ಸೊರಬದ ಕ್ಯಾಸನೂರಿನಲ್ಲೇ. ಕಾಡಿನಂಚಿನ ಉಣುಗನ್ನು ನಾಯಿ ಮನೆಯೊಳಗೆ ತರಬಲ್ಲದು. ಇಲಿ ಜ್ವರದ ಲಸಿಕೆ ವರ್ಷ ವರ್ಷ ಬೇಕು.

ತುಪ್ಪಳ ಬೋಳಿಸಬೇಡಿ, ಮತ್ತೆ ಸರಿಯಾಗಿ ಬೆಳೆಯದಿರಬಹುದು. ಒಳಪದರವನ್ನು ರೇಕ್ ಬಾಚಣಿಗೆಯಲ್ಲಿ ತೆಗೆದು, ನೆಂದಾಗ ಬುಡದವರೆಗೆ ಆರಿಸಿ. ಒದ್ದೆ ಉಳಿದರೆ ಚರ್ಮ ಕೊಳೆಯುತ್ತದೆ. ಕೋಳಿ, ಬೆಕ್ಕು ಇರುವ ಮನೆಯಾದರೆ ಹಗ್ಗ ಬಿಚ್ಚಬೇಡಿ. ಬೇಲಿ ಆರಡಿಯಿದ್ದರೂ ಬುಡ ಕೆದರಿ ನುಸುಳುತ್ತದೆ, ಅಲ್ಲಿ ಕಲ್ಲು ಹಾಸಿ. ಇನ್ನು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ನಾಯಿ ತೋಟಕ್ಕಿಳಿಯದಂತೆ ಕಟ್ಟಿಹಾಕಿ, ಮೈಲುತುತ್ತ ಕದಡಿದ ಡ್ರಮ್ಮನ್ನು ಮುಚ್ಚಿಡಿ.