ಪಾರ್ಟ್‌ನರ್ ಎಲ್ಲಿ ಸಿಗ್ತಾರೆ?

"ಕಂಪನಿ ಶುರು ಮಾಡ್ಬೇಕು, ಒಳ್ಳೆ ಪಾರ್ಟ್‌ನರ್ ಎಲ್ಲಿ ಸಿಗ್ತಾರೆ?" ನನ್ನದೇ ಒಂದು ವ್ಯವಹಾರ ಇದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಇದನ್ನೇ. ಎಲ್ಲಿ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು: ಈಗಾಗಲೇ ನಿಮ್ಮ ಜೊತೆ ಕೆಲಸ ಮಾಡಿದವರಲ್ಲಿ ಹುಡುಕಿ. ಬರೀ ದುಡ್ಡಿಗೋಸ್ಕರ ಪಾರ್ಟ್‌ನರ್ ಬೇಕಿದ್ದರೆ ಸಾಲ ತೆಗೆಯುವುದೇ ವಾಸಿ. ಸಾಲವಾದರೆ ಒಂದು ದಿನ ತೀರುತ್ತದೆ.

ನನ್ನ ಮೊದಲ ಪಾರ್ಟ್‌ನರ್ ಹಳೆಯ ಗೆಳೆಯ. ಪಾಲು ಅರ್ಧ ಅರ್ಧ, ಎಲ್ಲ ಬಾಯಿಮಾತಿನಲ್ಲೇ. ಒಂದು ದಿನ ಮಾಲು ಕೊಡುವವರ ಫೋನ್ ಬಂತು: "ಮೂರು ತಿಂಗಳ ಬಾಕಿ ಯಾವಾಗ ಕೊಡ್ತೀರಿ?" ಅಂಥದ್ದೊಂದು ಬಾಕಿ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೇಳಿದರೆ, "ನೀನು ಸುಮ್ಮನೆ ಟೆನ್ಷನ್ ಮಾಡ್ಕೋತೀಯ ಅಂತ ಹೇಳಲಿಲ್ಲ ಕಣೋ" ಅಂದ. ಮೋಸಗಾರನಲ್ಲ ಅವನು. ಕೆಟ್ಟ ಸುದ್ದಿ ಹೇಳಲು ಬಾಯಿ ಬರುತ್ತಿರಲಿಲ್ಲ, ಅಷ್ಟೇ. ಆದರೆ ಸಾಮಾನ್ಯ ಪಾಲುದಾರಿಕೆಯಲ್ಲಿ, ವ್ಯವಹಾರದ ಹೆಸರಿನಲ್ಲಿ ಒಬ್ಬ ಮಾಡಿದ ಸಾಲಕ್ಕೆ ಇನ್ನೊಬ್ಬನ ಸ್ವಂತ ಆಸ್ತಿಯೂ ಹೊಣೆ.

1976ರ ಏಪ್ರಿಲ್‌ನಲ್ಲಿ ಆಪಲ್ ಶುರುವಾದಾಗ ಪಾಲುದಾರರು ಮೂವರು. ಜಾಬ್ಸ್, ವೋಜ್ನಿಯಾಕ್ ತಲಾ 45%. ಉಳಿದ 10% ರೊನಾಲ್ಡ್ ವೇಯ್ನ್‌ದು, ಅವರಿಬ್ಬರ ಮಾತು ಕೂಡಿಬರದಿದ್ದರೆ ತೀರ್ಮಾನ ಹೇಳಲಿ ಅಂತ. 12 ದಿನಕ್ಕೆ ವೇಯ್ನ್ ಹೊರಬಂದರು, ಪಾಲಿಗೆ ಸಿಕ್ಕಿದ್ದು 800 ಡಾಲರ್. ಆ ಪಾಲು ಇಟ್ಟುಕೊಂಡಿದ್ದರೆ ಇವತ್ತು ಎಷ್ಟಾಗುತ್ತಿತ್ತು ಅಂತ ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ವ್ಯವಹಾರ ಮುಳುಗಿದರೆ ಸಾಲ ಕೊಟ್ಟವರು ಬರುವುದು ಮೂವರಲ್ಲಿ ಆಸ್ತಿ ಇದ್ದ ತನ್ನ ಬಾಗಿಲಿಗೇ ಅಂತ ಅವರಿಗೆ ಗೊತ್ತಿತ್ತು.

ಈಗಿನ ಪಾರ್ಟ್‌ನರ್ ಜೊತೆ ಮೊದಲು ಒಂದೇ ಒಂದು ಆರ್ಡರ್ ಮಾಡಿ ನೋಡಿದೆ. ಎರಡನೇ ವಾರ, ಬೆಳಗ್ಗೆ ಏಳಕ್ಕೆ ಅವರ ಮೆಸೇಜ್: "ಕೊಟೇಷನ್‌ನಲ್ಲಿ ಸಾಗಣೆ ಖರ್ಚು ಸೇರಿಸಲು ಮರೆತೆ. ತಪ್ಪು ನನ್ನದು. ಇಷ್ಟು ನಷ್ಟ ಆಗುತ್ತೆ." ಕೆಳಗೆ ಲೆಕ್ಕ. ನಾನು ತೀರ್ಮಾನ ಮಾಡಿದ್ದು ಆಗಲೇ.

ಆದರೂ ಕರಾರು ಪತ್ರ ಮಾಡಿಸಿದೆವು. ಎಷ್ಟು ಮೊತ್ತದ ಮೇಲೆ ಇಬ್ಬರ ಸಹಿ ಬೇಕು ಅನ್ನುವುದು ಐದು ನಿಮಿಷದಲ್ಲಿ ಮುಗಿಯಿತು. ಪಾಲು ಒಂದೇ ಸಲ ಕೈಸೇರದೆ ನಾಲ್ಕು ವರ್ಷದಲ್ಲಿ ಹಂತಹಂತವಾಗಿ ಬರಬೇಕು, ವರ್ಷದೊಳಗೆ ಬಿಟ್ಟುಹೋದವರಿಗೆ ಏನೂ ಇಲ್ಲ. ಸ್ಟಾರ್ಟಪ್‌ಗಳಲ್ಲಿ ರೂಢಿಯಲ್ಲಿರುವ ಈ ಷರತ್ತಿಗೂ ತಕರಾರು ಬರಲಿಲ್ಲ. ಒಬ್ಬರು ಹೊರಟರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ? ಆ ಅರ್ಧ ಪುಟಕ್ಕೆ ಎರಡು ಸಂಜೆ ಹಿಡಿಯಿತು, ಒಮ್ಮೆ ದನಿಯೂ ಏರಿತು.