ಜನರಲ್ ಅಡ್ಮಿಷನ್ ಟಿಕೆಟ್‌ನಲ್ಲಿ ರೇಸು ಕಾಣುತ್ತಾ?

ರಜೆ ಹಾಕಿ ಯುರೋಪಿಗೆ ಹೊರಟ ಬೆಂಗಳೂರಿನವರು, ಐಂಡ್‌ಹೋವನ್, ಡ್ಯೂಸೆಲ್ಡಾರ್ಫ್ ಕಡೆ ಕೆಲಸದಲ್ಲಿರುವ ನಮ್ಮವರು, ಎಲ್ಲರೂ ಕೇಳೋದು ಒಂದೇ: "ಫಾರ್ಮುಲಾ ಒನ್ ಕಾರ್ ರೇಸು ಬೆಲ್ಜಿಯಂ ಗ್ರ್ಯಾನ್ ಪ್ರಿಗೆ ಜನರಲ್ ಅಡ್ಮಿಷನ್ ಟಿಕೆಟ್ ತಗೊಂಡ್ರೆ ಏನಾದ್ರೂ ಕಾಣುತ್ತಾ? ಇಲ್ಲಾ, ಮನೇಲಿ ಟೀವಿ ಮುಂದೆ ಕೂತ್ಕೊಳ್ಳೋದೇ ವಾಸಿನಾ?"

ಕಾಣುತ್ತೆ. ಆದರೆ ರೇಸು ನಡೆಯುವ ಭಾನುವಾರಕ್ಕಿಂತ ಅಭ್ಯಾಸದ ದಿನವಾದ ಶುಕ್ರವಾರ ಚೆನ್ನಾಗಿ ಕಾಣುತ್ತೆ. ಈ ಟಿಕೆಟ್‌ಗೆ ಕೊಟ್ಟ ದುಡ್ಡು ಹುಟ್ಟೋದು ಮೊದಲ ಎರಡು ದಿನದಲ್ಲಿ. ಭಾನುವಾರ ನೀವು ರೇಸು ನೋಡೋದಕ್ಕಿಂತ ಹೆಚ್ಚು ಹೊತ್ತು ಜಾಗ ಕಾಯ್ತಾ ಇರ್ತೀರಿ. ಹಾಗಾಗಿ ಭಾನುವಾರ ಒಂದೇ ದಿನದ ಟಿಕೆಟ್ ತಗೊಳ್ಳೋ ಯೋಚನೆ ಇದ್ದರೆ ನನ್ನ ಸಲಹೆ ನೇರವಾಗಿ: ಬೇಡ. ಮೂರು ದಿನದ್ದೇ ತಗೊಳ್ಳಿ, ಅದಾಗದಿದ್ದರೆ ಶುಕ್ರವಾರದ್ದು ಮಾತ್ರ ತಗೊಳ್ಳಿ.

ಸ್ಪಾ-ಫ್ರಾಂಕೋರ್ಶಾಂ ಟ್ರ್ಯಾಕಿನಲ್ಲಿ ಜನರಲ್ ಅಡ್ಮಿಷನ್‌ಗೆ ಬ್ರಾನ್ಜ್ ಅಂತ ಹೆಸರು. ಸಿಲ್ವರ್, ಗೋಲ್ಡ್ ಅದರ ಮೇಲಿನ ದರ್ಜೆಗಳು. ಬ್ರಾನ್ಜ್‌ನಲ್ಲಿ ಸೀಟು ನಂಬರ್ ಇಲ್ಲ, ಸೀಟೇ ಇಲ್ಲ. ಸಿಗೋದು ಒಳಗೆ ಹೋಗುವ ಹಕ್ಕು ಮತ್ತು ಆರ್ಡೆನ್ ಕಾಡಿನ ಗುಡ್ಡದ ಇಳಿಜಾರು. ಆ ಇಳಿಜಾರೇ ಇಲ್ಲಿನ ವಿಶೇಷ. 7.004 ಕಿ.ಮೀ. ಉದ್ದದ ಈ ಟ್ರ್ಯಾಕು ಫಾರ್ಮುಲಾ ಒನ್ ಕ್ಯಾಲೆಂಡರಿನಲ್ಲೇ ಅತಿ ಉದ್ದದ್ದು. ಅದರ ಅತಿ ಎತ್ತರದ ಜಾಗಕ್ಕೂ ಅತಿ ತಗ್ಗಿನ ಜಾಗಕ್ಕೂ ಸುಮಾರು 100 ಮೀಟರ್ ವ್ಯತ್ಯಾಸ ಇದೆ. ಸೀಟಿಲ್ಲದವರಿಗೆ ಗುಡ್ಡವೇ ಗ್ಯಾಲರಿ. ಮಟ್ಟಸ ನೆಲದ ಮೊಂಜಾದಲ್ಲೋ ಸಿಂಗಪುರದ ಬೀದಿ ಟ್ರ್ಯಾಕಿನಲ್ಲೋ ಇದೇ ದರ್ಜೆಯ ಟಿಕೆಟ್ ತಗೊಂಡರೆ ಮುಂದಿನವರ ಟೋಪಿ ನೋಡೋದೇ ಜಾಸ್ತಿ. ಅಲ್ಲಿಗೆ ಹೋಗಿ ಬೇಜಾರಾದವರ ಮಾತು ಕೇಳಿ ಸ್ಪಾ ಬಗ್ಗೆ ತೀರ್ಮಾನ ಮಾಡಬೇಡಿ.

ಈಗ ಲೆಕ್ಕಕ್ಕೆ ಬರೋಣ. ಹೊಸಬರು ಎಡವೋದೇ ಇಲ್ಲಿ. ಕೆಮೆಲ್ ಸ್ಟ್ರೇಟ್ ಅಂದರೆ ಕಾರುಗಳು ಗಂಟೆಗೆ 300 ಕಿ.ಮೀ. ದಾಟುವ ಜಾಗ. ಹೆಸರು ಕೇಳೇ ಎಲ್ಲರೂ ಅಲ್ಲಿಗೆ ಓಡ್ತಾರೆ. 300 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 83 ಮೀಟರ್. ನಿಂತ ಜಾಗದಿಂದ 250 ಮೀಟರ್ ಟ್ರ್ಯಾಕು ಕಾಣುತ್ತೆ ಅಂದುಕೊಳ್ಳಿ, ಒಂದು ಕಾರು ನಿಮ್ಮ ಕಣ್ಣಿಗೆ ಬೀಳೋದು ಮೂರು ಸೆಕೆಂಡು. ರೇಸು 44 ಲ್ಯಾಪು, ಅಂದರೆ ಟ್ರ್ಯಾಕಿಗೆ 44 ಸುತ್ತು. ನಿಮ್ಮ ಮೆಚ್ಚಿನ ಡ್ರೈವರ್ ಇಡೀ ರೇಸಿನಲ್ಲಿ ನಿಮಗೆ ಕಾಣಿಸಿಕೊಳ್ಳೋದು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ಅದೂ ಯಾವ ಟೀಮಿನ ಕಾರು ಅಂತ ಗುರುತು ಹಿಡಿಯೋದರೊಳಗೆ ಹೋಗಿರುತ್ತೆ. ಕೆಮೆಲ್‌ನಲ್ಲಿ ನಿಲ್ಲೋದು ತಪ್ಪಲ್ಲ, ಓವರ್‌ಟೇಕ್‌ಗಳು ಹೆಚ್ಚು ನಡೆಯೋದು ಅಲ್ಲೇ, ಅದರ ತುದಿಯ ಲೇ ಕೋಂಬ್ ತಿರುವಿನಲ್ಲಿ ಬ್ರೇಕ್ ಹಾಕುವಾಗ. ಆದರೆ ದೊಡ್ಡ ಪರದೆ ಎದುರಿಗಿದ್ದರೆ ಮಾತ್ರ ಆ ಜಾಗಕ್ಕೆ ಅರ್ಥ ಇದೆ.

ನನ್ನ ಓಟು ಬ್ರಸೆಲ್ಸ್ ತಿರುವಿಗೆ. ಹಳಬರು ಅದನ್ನು ಈಗಲೂ ರಿವಾಜ್ ಅಂತಲೇ ಕರೀತಾರೆ. ಇಳಿಜಾರಿನಲ್ಲಿ ಬಲಕ್ಕೆ ಸುತ್ತಿ ತಿರುಗುವ ನಿಧಾನದ ತಿರುವು ಅದು. ಅಲ್ಲಿಂದ ಟ್ರ್ಯಾಕು ಎಡಕ್ಕೆ ಹೊರಳಿ ಪೂಹೋ ಕಡೆ ಇಳಿಯುತ್ತೆ. ಗುಡ್ಡದ ಮೇಲೆ ಸರಿಯಾದ ಜಾಗ ಸಿಕ್ಕರೆ ಪ್ರತಿ ಕಾರೂ ಏಳೆಂಟು ಸೆಕೆಂಡು ಕಣ್ಣಲ್ಲಿ ಇರುತ್ತೆ. ಬ್ರೇಕ್ ಹಿಡಿದಾಗ ಮುಂದಿನ ಒಳಚಕ್ರ ಲಾಕ್ ಆಗಿ ಬಿಳಿ ಹೊಗೆ ಏಳೋದು, ಹಿಂಭಾಗ ಜಾರಿದಾಗ ಡ್ರೈವರ್ ಸ್ಟೀರಿಂಗ್ ಎದುರು ತಿರುಗಿಸಿ ಹಿಡಿಯೋದು, ಎಲ್ಲ ಬರಿಗಣ್ಣಿಗೆ ಕಾಣುತ್ತೆ. ಪೂಹೋ ಇನ್ನೊಂದು ಬಗೆ: ಗಂಟೆಗೆ 250 ಕಿ.ಮೀ. ಆಸುಪಾಸಿನ ವೇಗದಲ್ಲಿ ಎರಡು ಹಂತದ ಎಡತಿರುವು. ಟೀವಿ ಕ್ಯಾಮೆರಾ ಆ ಇಳಿಜಾರನ್ನು ಚಪ್ಪಟೆ ಮಾಡಿ ತೋರಿಸುತ್ತೆ, ಎದುರಿಗೆ ನಿಂತಾಗಲೇ ಅದರ ಆಳ ಗೊತ್ತಾಗೋದು. ಬ್ರಾನ್ಜ್‌ನವರಿಗೆ ಯಾವ ದಿಬ್ಬ ಬಿಡ್ತಾರೆ, ಎಲ್ಲಿ ಹೊಸ ಸ್ಟ್ಯಾಂಡ್ ಕಟ್ಟಿ ಬೇಲಿ ಹಾಕ್ತಾರೆ ಅನ್ನೋದು ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ. ಹಳೇ ವಿಡಿಯೋ ನಂಬಬೇಡಿ, ಆ ವರ್ಷದ ಟಿಕೆಟ್ ನಕ್ಷೆ ನೋಡಿ.

ಶುಕ್ರವಾರ ಯಾಕೆ ಮುಖ್ಯ ಅಂದರೆ, ಅವತ್ತು ಜನ ಕಡಿಮೆ, ನೀವು ಸುತ್ತಾಡಬಹುದು. ಸಾಮಾನ್ಯ ವಾರಾಂತ್ಯದಲ್ಲಿ ಅವತ್ತು ಒಂದೊಂದು ಗಂಟೆಯ ಎರಡು ಅಭ್ಯಾಸ ಇರುತ್ತೆ. ಮೊದಲನೆಯದನ್ನು ಕೆಮೆಲ್‌ನಲ್ಲಿ ನೋಡಿ, ಮಧ್ಯೆ ಕೆಳಗಿನ ದರ್ಜೆಯ ಫಾರ್ಮುಲಾ 2, ಫಾರ್ಮುಲಾ 3 ಕಾರುಗಳು ಓಡುವಾಗ ಬ್ರಸೆಲ್ಸ್‌ಗೆ ನಡೀರಿ, ಎರಡನೆಯದಕ್ಕೆ ಪೂಹೋ. ಅಭ್ಯಾಸದಲ್ಲಿ ಕಾರುಗಳು ಗುಂಪಾಗಿ ಬರಲ್ಲ, ಒಂದೊಂದಾಗಿ ಬರ್ತವೆ. ಒಂದೇ ತಿರುವಿನಲ್ಲಿ ಒಬ್ಬೊಬ್ಬ ಡ್ರೈವರ್ ಎಲ್ಲಿ ಬ್ರೇಕ್ ಹಿಡೀತಾನೆ, ಎಲ್ಲಿ ಆಕ್ಸಲರೇಟರ್ ಬಿಡ್ತಾನೆ ಅಂತ ಹೋಲಿಸೋಕೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಫಾರ್ಮುಲಾ 2 ಓಡುವಾಗ ಕಾಫಿಗೆ ಹೋಗಬೇಡಿ. ನಮ್ಮ ಬೆಂಗಳೂರಿನ ಕುಶ್ ಮೈನಿ 2023ರಿಂದ 2025ರವರೆಗೆ ಓಡಿಸಿದ್ದು ಅದರಲ್ಲೇ. (ಕನ್ನಡದಲ್ಲಿ ಎಷ್ಟೇ ಕೂಗಿದರೂ ಆ ಸದ್ದಿನಲ್ಲಿ ಅವರಿಗೆ ಕೇಳಿಸಲ್ಲ ಬಿಡಿ.) 2023, 2025ರಲ್ಲಿ ಆದ ಹಾಗೆ ಸ್ಪ್ರಿಂಟ್ (ಶನಿವಾರದ ಚಿಕ್ಕ ರೇಸು) ಇರುವ ವಾರಾಂತ್ಯ ಬಂದರೆ ಅಭ್ಯಾಸ ಒಂದೇ. 2025ರ ಕ್ರಮದಲ್ಲಿ ಶುಕ್ರವಾರ ಸ್ಪ್ರಿಂಟ್ ಅರ್ಹತಾ ಸುತ್ತು (ಯಾರು ಎಷ್ಟನೇ ಜಾಗದಿಂದ ಶುರು ಮಾಡಬೇಕು ಅಂತ ಗೊತ್ತು ಮಾಡೋದು), ಶನಿವಾರ ಸ್ಪ್ರಿಂಟ್ ಮತ್ತು ಮುಖ್ಯ ಅರ್ಹತಾ ಸುತ್ತು. ಬ್ರಾನ್ಜ್‌ನವರಿಗೆ ಇದು ಲಾಭವೇ.

ಒಂದು ಎಚ್ಚರಿಕೆ: ನಕ್ಷೆಯಲ್ಲಿ ಹತ್ತಿರ ಕಂಡಿದ್ದು ಕಾಲಿಗೆ ಹತ್ತಿರ ಅಲ್ಲ. ಹೊರಗಿನ ದಾರಿ ಏರು, ಇಳಿಜಾರು, ಬೇರು, ಕಲ್ಲು. ಜನಸಂದಣಿಯಲ್ಲಿ ಒಂದು ಕಿಲೋಮೀಟರಿಗೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಹಿಡಿಯುತ್ತೆ. ಬಿಳಿ ಸ್ನೀಕರ್ಸ್ ಮನೇಲಿ ಬಿಡಿ, ಅಡಿಯಲ್ಲಿ ಹಲ್ಲಿರುವ ಟ್ರೆಕ್ಕಿಂಗ್ ಶೂ ಹಾಕಿ.

ಶನಿವಾರದ ಕೆಲಸ ಭಾನುವಾರದ ಜಾಗ ಗೊತ್ತು ಮಾಡಿಕೊಳ್ಳೋದು. ಅರ್ಹತಾ ಸುತ್ತನ್ನು ನೀವು ರೇಸಿಗೆ ಅಂದುಕೊಂಡ ಜಾಗದಲ್ಲೇ ನಿಂತು ನೋಡಿ. ಗಮನಿಸಬೇಕಾದದ್ದು ಮೊದಲು ಬೇಲಿ. ಟ್ರ್ಯಾಕಿನ ಪಕ್ಕ ಎತ್ತರದ ಉಕ್ಕಿನ ಜಾಲರಿ ಇರುತ್ತೆ. ಕಾರಿಗೆ ಹತ್ತಿರ ಅಂತ ಕೆಳಗೆ ಹೋದರೆ ಇಡೀ ರೇಸು ಆ ಜಾಲರಿಯೊಳಗಿಂದಲೇ. ಬೇಲಿಯ ಮೇಲಂಚು ಡಾಂಬರಿಗಿಂತ ಕೆಳಗೆ ಕಾಣುವಷ್ಟು ಎತ್ತರಕ್ಕೆ ಹತ್ತಿ. ಎರಡನೆಯದು ಮುಂದಿನವರ ತಲೆ. ಈ ಪರೀಕ್ಷೆ ಕೂತು ಮಾಡಬೇಡಿ, ನಿಂತು ಮಾಡಿ. ರೇಸು ಶುರುವಾಗಲು ಕೆಂಪು ದೀಪ ಆರುವ ಹೊತ್ತಿಗೆ ಇಡೀ ಗುಡ್ಡ ಎದ್ದು ನಿಲ್ಲುತ್ತೆ, ಮೊದಲ ಕೆಲವು ಲ್ಯಾಪು ಯಾರೂ ಕೂರಲ್ಲ. ಮುಂದಿನ ಸಾಲಿನಲ್ಲಿ ನಿಂತವರ ನೆತ್ತಿ ನಿಮ್ಮ ಗದ್ದಕ್ಕಿಂತ ಕೆಳಗಿದ್ದರೆ ಆ ಇಳಿಜಾರು ಸಾಕು. ಮಧ್ಯಾಹ್ನ ಮೂರರ ನಂತರದ ಬಿಸಿಲಿನಲ್ಲಿ ಪರದೆ ಕಣ್ಣಿಗೆ ಹೊಡೆಯುತ್ತಾ, ಮರದ ಕೊಂಬೆ ಅಡ್ಡ ಇದೆಯಾ ಅಂತಲೂ ನೋಡ್ಕೊಳ್ಳಿ, ರೇಸು ಶುರುವಾಗೋದು ಮೂರಕ್ಕೆ. ಶೌಚಾಲಯಕ್ಕೆ ಹೋಗಿ ಬರೋಕೆ ಎಷ್ಟು ಹೊತ್ತು ಬೇಕು ಅಂತಲೂ ಅವತ್ತೇ ಅಳೆಯಿರಿ.

ಭಾನುವಾರ ಗೇಟು ತೆಗೆಯುವ ಮುಂಚೆಯೇ ಸಾಲಿನಲ್ಲಿರಬೇಕು. ಟ್ರ್ಯಾಕಿನ ಸುತ್ತ ಕ್ಯಾಂಪ್ ಮಾಡಿದವರು, ಅದರಲ್ಲೂ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟ ಡಚ್ಚರು, ನಿಮಗಿಂತ ಮೊದಲು ಎದ್ದಿರ್ತಾರೆ. ಅವರ ಮೆಚ್ಚಿನ ಡಚ್ ಡ್ರೈವರ್ ಮ್ಯಾಕ್ಸ್ ವೆರ್ಸ್ಟಾಪೆನ್ ಹುಟ್ಟಿದ್ದು ಬೆಲ್ಜಿಯಮ್ಮಿನ ಹಾಸೆಲ್ಟ್‌ನಲ್ಲಿ, ಹಾಗಾಗಿ ಈ ಅಭಿಮಾನಿಗಳಿಗೂ ಇದು ಮನೆ ರೇಸು. ಟಾರ್ಪಾಲು ಹಾಸಿ ಜಾಗ ಹಿಡಿಯೋದು ಅಲ್ಲಿನ ಪದ್ಧತಿ, ನಮ್ಮ ಕೆಂಪು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗೆ. ಟವೆಲ್‌ಗೆ ಇರುವಷ್ಟೇ ಬೆಲೆ ಟಾರ್ಪಾಲಿಗೂ: ಯಾರಾದರೂ ಕೂತು ಕಾಯ್ತಾ ಇದ್ದರೆ ಗೌರವ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ಮೂರು ಜನ ಇದ್ದರೆ ಸರದಿ ಮೇಲೆ ಒಬ್ಬರು ಊಟ, ಒಬ್ಬರು ಶೌಚಾಲಯ, ಒಬ್ಬರು ಕಾವಲು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಇದೇ ಕೆಲಸ.

ಸಾಮಾನ್ಯ ಮಡಚು ಕುರ್ಚಿ ಇಳಿಜಾರಿನಲ್ಲಿ ಮುಂದಕ್ಕೆ ಮುಗ್ಗರಿಸುತ್ತೆ, ಹಿಂದಿನವರಿಂದ ಬೈಗುಳ ಬೇರೆ. ಕಾಲು ಗಿಡ್ಡ ಇರುವ ಬೀಚ್ ಕುರ್ಚಿಯೋ, ದಪ್ಪ ಫೋಮಿನ ಹಾಸೋ ವಾಸಿ. ಹಾಸಿನ ಅಡಿಗೆ ಪ್ಲಾಸ್ಟಿಕ್ ಹಾಳೆ ಇರಲಿ, ರಾತ್ರಿಯ ಇಬ್ಬನಿಗೇ ಹುಲ್ಲು ಒದ್ದೆ ಇರುತ್ತೆ.

ಮಳೆಯ ಮಾತು ಬೇರೆಯಾಗೇ ಹೇಳಬೇಕು. ಜುಲೈನಲ್ಲೂ ಆರ್ಡೆನ್‌ನಲ್ಲಿ ಮಳೆ ಬರುತ್ತೆ. ಟ್ರ್ಯಾಕು ಎಷ್ಟು ಉದ್ದ ಅಂದರೆ ಒಂದು ತುದಿ ಒಣಗಿದ್ದಾಗ ಇನ್ನೊಂದು ತುದಿಯಲ್ಲಿ ಸುರೀತಿರುತ್ತೆ. ಕೊಡೆ ಬಿಡಿಸಿದರೆ ಹಿಂದಿನ ಹತ್ತು ಜನರ ನೋಟಕ್ಕೆ ಅಡ್ಡ, ಮೊಣಕಾಲಿನ ಕೆಳಗೆ ಬರುವ ಪೊಂಚೋ ತಗೊಳ್ಳಿ. ಬೆನ್ನಿನ ಬ್ಯಾಗಿಗೆ ದೊಡ್ಡ ಕಸದ ಚೀಲ, ಜೊತೆಗೆ ಎರಡು ಜೊತೆ ಒಣ ಸಾಕ್ಸು. ಇಷ್ಟೆಲ್ಲ ಇದ್ದರೂ 2021ರ ಆಗಸ್ಟ್ 29ರಂಥ ದಿನ ಬರಬಹುದು. ಅವತ್ತು ಮೂರು ಗಂಟೆಗೆ ಶುರುವಾಗಬೇಕಿದ್ದ ರೇಸಿಗೆ ಜನ ಸಂಜೆ ಆರು ದಾಟುವವರೆಗೂ ಮಳೆಯಲ್ಲಿ ಕಾದರು. ಕೊನೆಗೆ ಕಾರುಗಳು ಸೇಫ್ಟಿ ಕಾರಿನ (ಅಪಾಯ ಇದ್ದಾಗ ಎಲ್ಲರನ್ನೂ ನಿಧಾನಕ್ಕೆ ನಡೆಸುವ ಕಾರು) ಹಿಂದೆ ಕೆಲವೇ ಲ್ಯಾಪು ಸುತ್ತಿದವು, ಅರ್ಧ ಅಂಕ ಹಂಚಿ ಮುಗಿಸಿದರು. ಒಂದು ಓವರ್‌ಟೇಕ್ ಇಲ್ಲ. ಟಿಕೆಟ್ ಹಣವೂ ವಾಪಸ್ ಆಗಲಿಲ್ಲ. ಆಮೇಲೆ ನಿಯಮ ಬದಲಾಯ್ತು, ಸೇಫ್ಟಿ ಕಾರಿಲ್ಲದೆ ಕನಿಷ್ಠ ಎರಡು ಲ್ಯಾಪು ಓಡದಿದ್ದರೆ ಅಂಕವೇ ಇಲ್ಲ. ಅದು ಡ್ರೈವರ್‌ಗಳ ಅಂಕದ ನಿಯಮ, ನಿಮ್ಮ ದುಡ್ಡಿನದಲ್ಲ. 2025ರಲ್ಲೂ ಮಳೆಗೆ ಸುಮಾರು 80 ನಿಮಿಷ ತಡವಾಯ್ತು, ಆದರೆ ಪೂರ್ತಿ ರೇಸು ಸಿಕ್ಕಿತು, ಮೆಕ್‌ಲಾರೆನ್ ಟೀಮಿನ ಆಸ್ಕರ್ ಪಿಯಾಸ್ಟ್ರಿ ಗೆದ್ದರು. ತಡ ಮಾಡೋಕೆ ಕಾರಣ ಟೈರಿನ ಹಿಡಿತ ಒಂದೇ ಅಲ್ಲ. ಮುಂದಿನ ಕಾರು ಎಬ್ಬಿಸುವ ನೀರಿನ ಮೋಡದಲ್ಲಿ ಹಿಂದಿನವರಿಗೆ ಏನೇನೂ ಕಾಣಲ್ಲ, ಎರಡೂ ಬದಿ ಕಾಡಿರುವ ಕಡೆ ಆ ಮೋಡ ಚದುರೋದೂ ನಿಧಾನ.

ಯಾರು ಎಷ್ಟನೇ ಸ್ಥಾನದಲ್ಲಿದ್ದಾರೆ ಅಂತ ತಿಳಿಯೋದು ಹೇಗೆ? ಪಿಟ್ ನಿಲುಗಡೆ (ಟೈರು ಬದಲಿಸೋಕೆ ಕಾರು ನಿಲ್ಲಿಸೋದು) ಶುರುವಾದ ಮೇಲೆ ಬರಿಗಣ್ಣಿನ ಲೆಕ್ಕ ತಪ್ಪುತ್ತೆ. ಪರದೆ ಕಾಣದಿದ್ದರೆ ಮೊಬೈಲಿನಲ್ಲಿ ವಿಡಿಯೋ ಹಾಕೋಕೆ ಹೋಗಬೇಡಿ. ಗುಡ್ಡದ ಮೇಲೆ ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಕೂರುತ್ತೆ, ಬಂದರೂ ವಿಡಿಯೋ ಕಣ್ಣೆದುರಿನ ಕಾರಿಗಿಂತ ಅರ್ಧ ನಿಮಿಷ ಹಿಂದೆ ಇರುತ್ತೆ. ಫಾರ್ಮುಲಾ ಒನ್ ಆ್ಯಪ್‌ನ ಲೈವ್ ಟೈಮಿಂಗ್ ಪಟ್ಟಿಗೆ ಡೇಟಾ ಕಡಿಮೆ ಸಾಕು. ಟಿಕೆಟ್‌ನ ಕ್ಯೂಆರ್ ಕೋಡ್ ಸ್ಕ್ರೀನ್‌ಶಾಟ್ ತೆಗೆದಿಡಿ, ಆ್ಯಪ್‌ನಲ್ಲೇ ತೋರಿಸಬೇಕು ಅಂತಿದ್ದರೆ ಗೇಟಿಗೆ ಬರುವ ಮುಂಚೆಯೇ ತೆರೆದಿಟ್ಟುಕೊಳ್ಳಿ. ಪವರ್ ಬ್ಯಾಂಕ್ ಕಡ್ಡಾಯ. 2014ರಿಂದ ಬಂದ ಹೈಬ್ರಿಡ್ ಎಂಜಿನ್‌ಗಳ ಸದ್ದು ಹಳೆಯ ವಿ8ಗಿಂತ ಕಡಿಮೆ, ಆದರೂ ಮಕ್ಕಳಿಗೆ ಕಿವಿ ಮುಚ್ಚುವ ಇಯರ್ ಮಫ್ ಬೇಕೇ ಬೇಕು.

ಸಸ್ಯಾಹಾರಿಗಳು ಇದನ್ನು ಓದಿ: ಬೆಲ್ಜಿಯಮ್ಮಿನ ಹೆಸರಾಂತ ಫ್ರೈಸ್ ಅನ್ನು ಸಾಂಪ್ರದಾಯಿಕವಾಗಿ ಕರಿಯೋದು ದನದ ಕೊಬ್ಬಿನಲ್ಲಿ. ಎಲ್ಲ ಅಂಗಡಿಯಲ್ಲೂ ಅಲ್ಲ, ಆದರೆ ಕೇಳದೆ ತಿನ್ನಬೇಡಿ. ಚಪಾತಿ ಸುರುಳಿ, ಚಟ್ನಿಪುಡಿ ಮೊಸರನ್ನ, ಒಗ್ಗರಣೆ ಅವಲಕ್ಕಿ ಡಬ್ಬಿಯಲ್ಲಿ ಒಯ್ಯೋದು ಸಲೀಸು. ಗಾಜಿನ ಬಾಟಲಿ ಒಳಗೆ ಬಿಡಲ್ಲ.

ಭಾರತದಿಂದಲೇ ಹೊರಡೋರು ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯಿಂದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಆದ್ದರಿಂದ ಚಳಿಗಾಲದಲ್ಲೇ ದಿನಾಂಕ ನೋಡಿಕೊಳ್ಳಿ. ಸ್ಪಾ, ಸ್ಟಾವೆಲೋ, ಮಾಲ್ಮೆಡಿಯಲ್ಲಿ ಕೋಣೆ ಸಿಗೋದು ಅಪರೂಪ, ಸಿಕ್ಕರೂ ದುಬಾರಿ. ಲಿಯೇಜ್ ಊರಿನಲ್ಲಿ ಉಳಿದು ರೈಲಿನಲ್ಲಿ ವೆರ್ವಿಯೆಗೆ ಬಂದು, ಅಲ್ಲಿಂದ ರೇಸಿನ ದಿನದ ವಿಶೇಷ ಬಸ್ ಹಿಡಿಯೋದು ಕೈಗೆಟುಕುವ ದಾರಿ. ಬಸ್ಸು ಯಾವ ನಿಲ್ದಾಣದಿಂದ ಹೊರಡುತ್ತೆ ಅಂತ ಆಯಾ ವರ್ಷ ಖಚಿತ ಮಾಡಿಕೊಳ್ಳಿ.

ರೇಸು ಮುಗಿದ ತಕ್ಷಣ ಗೇಟಿನ ಕಡೆ ಓಡೋರು ತುಂಬ ಜನ. ಅವರ ಜೊತೆ ಸೇರಬೇಡಿ. ಕಾರುಗಳೆಲ್ಲ ಒಳಗೆ ಸೇರಿದ ಮೇಲೆ ಬೇಲಿಯ ಬಾಗಿಲು ತೆಗೆದು ಜನರನ್ನು ಟ್ರ್ಯಾಕಿಗೆ ಬಿಡ್ತಾರೆ. ಕೆಮೆಲ್ ಕಡೆ ಇದ್ದವರು ಅದಕ್ಕೂ ಮುಂಚೆ ಬರುವ ರೆಡಿಯೋಂ ಅನ್ನುವ ಏರನ್ನು ಮೇಲಿನಿಂದ ಕೆಳಕ್ಕೆ ನಡೆದು ಓ ರೂಜ್ ತೊರೆಯ ತನಕ ಇಳಿಯಬಹುದು. ಡ್ರೈವರ್‌ಗಳು ಪೂರ್ತಿ ಆಕ್ಸಲರೇಟರ್ ಒತ್ತಿಕೊಂಡೇ ಹತ್ತುವ ಆ ಏರಿನಲ್ಲಿ ನಡೆಯುವವರ ಮೊಣಕಾಲು ನಡುಗುತ್ತೆ, ಅಷ್ಟು ಕಡಿದು. ತಿರುವಿನ ಹೊರಬದಿಯಲ್ಲಿ ಟೈರಿನಿಂದ ಉದುರಿದ ರಬ್ಬರ್ ಚೂರು ರಾಶಿ ಬಿದ್ದಿರುತ್ತೆ. ಹೆಬ್ಬೆರಳು ಗಾತ್ರದ್ದು ಒಂದು ಎತ್ತಿಕೊಂಡರೆ ಯಾರೂ ಕೇಳಲ್ಲ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಟ್ಟೆಗೆ ಅಂಟುತ್ತೆ.

ಆಮೇಲೂ ಅವಸರ ಬೇಡ. ಪಾರ್ಕಿಂಗ್ ಅಂದರೆ ಹೆಚ್ಚಾಗಿ ರೈತರ ಹುಲ್ಲುಗಾವಲು, ಹೊರಗೆ ಬರೋಕೆ ಎರಡು ಮೂರು ಗಂಟೆ ಹಿಡಿಯೋದು ಮಾಮೂಲು. ಬೆಳಿಗ್ಗೆ ನಿಲ್ಲಿಸುವಾಗಲೇ ಜಾಗ ಆರಿಸೋಕೆ ಬಿಟ್ಟರೆ ಹೊಲದ ಎತ್ತರದ ಬದಿಯಲ್ಲಿ, ಮೂತಿ ಹೊರದಾರಿಗೆ ತಿರುಗಿಸಿ ನಿಲ್ಲಿಸಿ. ಮಳೆ ಬಂದ ಸಂಜೆ ತಗ್ಗಿನಲ್ಲಿರುವ ಕಾರುಗಳು ಟ್ರ್ಯಾಕ್ಟರಿಗಾಗಿ ಕಾಯ್ತಾ ನಿಂತಿರುತ್ತವೆ.